ಹಿತ್ತಲಿನ ಶುಂಠಿ, ಗುತ್ತಿಗೆಯ ಶುಂಠಿ

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಕಡೆಯಿಂದ ನಮ್ಮ ಬಳಗಕ್ಕೆ ಒಂದು ಪ್ರಶ್ನೆ ಬಂದಿದೆ. ತೆಂಗಿನ ಸಾಲುಗಳ ನಡುವಿನ ಜಾಗವನ್ನು ಒಂದು ವರ್ಷದ ಮಟ್ಟಿಗೆ ಶುಂಠಿಗೆ ಗುತ್ತಿಗೆ ಕೊಡಿ ಎಂದು ಕೇಳಿಕೊಂಡು ಕೆಲವರು ಬರುತ್ತಿದ್ದಾರೆ. ಮುಂಗಡವಾಗಿಯೇ ಹಣ ಎಣಿಸುತ್ತೇವೆ ಎನ್ನುತ್ತಾರೆ. ಮಲೆನಾಡಿನವರಾದ ನಿಮಗೆ ಇದರ ಅನುಭವವಿದೆ, ಕೊಡಬಹುದೋ ಕೂಡದೋ ತಿಳಿಸಿ ಎಂಬುದು ಆ ಪ್ರಶ್ನೆಯ ಸಾರಾಂಶ.

ಬಯಲುಸೀಮೆಯ ತೆಂಗಿನ ನಾಡಿನವರು ಘಟ್ಟದ ಜನರನ್ನು ಶುಂಠಿಯ ವಿಷಯದಲ್ಲಿ ವಿಚಾರಿಸುತ್ತಿರುವುದು ಸಹಜವೇ ಆಗಿದೆ. ಸೊರಬ, ಸಾಗರ, ಬನವಾಸಿಯ ಸೀಮೆಯಿಂದ ಹಿಡಿದು ಆಲೂರು, ಅರಕಲಗೂಡು, ಸೋಮವಾರಪೇಟೆ, ಹೆಗ್ಗಡದೇವನಕೋಟೆಯವರೆಗೆ ಗುತ್ತಿಗೆಯ ಶುಂಠಿ ಬಂದು ಹೋದ ಗದ್ದೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗುತ್ತಿಗೆಗೆ ಕೊಡಬೇಡಿ. ಆದರೆ ಶುಂಠಿಯನ್ನು ಬೆಳೆಯದೆಯೂ ಇರಬೇಡಿ. ನಿಮ್ಮ ಹಿತ್ತಲಿನಲ್ಲಿ, ನಿಮ್ಮ ಕೈಯಲ್ಲಿ, ನಿಮ್ಮ ಮನೆಗೆ ಬೇಕಾದಷ್ಟನ್ನು ಮತ್ತು ಅದಕ್ಕಿಂತ ಒಂದಿಷ್ಟು ಹೆಚ್ಚಾಗಿ ಬೆಳೆದುಕೊಳ್ಳಿ. ಈ ಎರಡು ಮಾತುಗಳು ಪರಸ್ಪರ ವಿರುದ್ಧವಾಗಿ ಕಾಣಬಹುದು. ಅವೆರಡಕ್ಕೂ ಕಾರಣ ಒಂದೇ, ಅದು ಶುಂಠಿಯ ಗಿಡದ ಸ್ವಭಾವದಲ್ಲಿಯೇ ಇದೆ.

ಮಣ್ಣನ್ನು ಬಿಟ್ಟು ಓಡುವ ಬೆಳೆ

ಶುಂಠಿ ಹೂ ಬಿಡುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಗಡ್ಡೆಯ ತುಂಡೇ ಅದರ ಬೀಜ. ಅಂದರೆ ಒಂದು ತಳಿಯ ಶುಂಠಿ ಎಷ್ಟು ಎಕರೆಯಲ್ಲಿ ಹಬ್ಬಿದ್ದರೂ ಅದೆಲ್ಲವೂ ಒಂದೇ ಗಿಡದ ತುಣುಕುಗಳು. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲುತ್ತದೆ. ತಾಯಿ ಗಡ್ಡೆಯಲ್ಲಿದ್ದ ರೋಗ ಬಿತ್ತನೆಯ ಗಡ್ಡೆಯೊಡನೆ ಊರಿಂದ ಊರಿಗೆ ಪ್ರಯಾಣ ಮಾಡುತ್ತದೆ. ಭತ್ತದಲ್ಲಾದರೆ ಎರಡು ತಳಿಗಳನ್ನು ಸಂಕರಿಸಿ ರೋಗ ತಾಳಿಕೊಳ್ಳುವ ಮೂರನೆಯದನ್ನು ಪಡೆಯಬಹುದು. ಬೀಜವನ್ನೇ ಕಟ್ಟದ ಶುಂಠಿಯಲ್ಲಿ ಆ ದಾರಿ ಮುಚ್ಚಿದೆ.

ಶುಂಠಿಯ ಎರಡು ದೊಡ್ಡ ವೈರಿಗಳು ಮಣ್ಣಿನಲ್ಲಿಯೇ ವಾಸ ಮಾಡುತ್ತವೆ. ಮೊದಲನೆಯದು ಗಡ್ಡೆ ಕೊಳೆ ರೋಗ. ಇದನ್ನು ತರುವ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಬೀಜಕಣಗಳಿಗೆ ನೀರಿನಲ್ಲಿ ಈಜುವ ಶಕ್ತಿಯಿದೆ. ಮೇಲಿನ ಮಡಿಯಲ್ಲಿ ಹುಟ್ಟಿದ ಕೊಳೆ ಬಸಿಗಾಲುವೆಯ ನೀರಿನೊಡನೆ ಕೆಳಗಿನ ಮಡಿಗೆ ಇಳಿಯುತ್ತದೆ. ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ. ಗಿಡವನ್ನು ಮೆಲ್ಲಗೆ ಎಳೆದರೆ ಕಾಂಡ ಕೈಗೆ ಕಿತ್ತು ಬರುತ್ತದೆ. ಗಡ್ಡೆ ಮೆತ್ತಗಾಗಿ ದುರ್ವಾಸನೆ ಬೀರುತ್ತದೆ. ಎರಡನೆಯದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಗಿಡ ಹಸಿರಾಗಿರುವಾಗಲೇ ಎಲೆಗಳು ಸುರುಳಿ ಸುತ್ತಿಕೊಂಡು ಸೊರಗುತ್ತವೆ. ವಿದ್ಯಾರ್ಥಿ ಮಿತ್ರರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು: ಸೊರಗಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯನ್ನು ಅದ್ದಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿಯತೊಡಗುತ್ತದೆ. ಅದು ಲಕ್ಷಾಂತರ ಬ್ಯಾಕ್ಟೀರಿಯಾಗಳ ಮೆರವಣಿಗೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನು ಸೊರಗಿಸುವುದೂ ಇದೇ ಬಳಗದ ಬ್ಯಾಕ್ಟೀರಿಯಾ.

ಇವುಗಳು ಒಮ್ಮೆ ನೆಲ ಹೊಕ್ಕವೆಂದರೆ ಸುಲಭಕ್ಕೆ ಹೋಗುವುದಿಲ್ಲ. ಆದಕಾರಣ ಅದೇ ಜಾಗದಲ್ಲಿ ಮರುವರ್ಷವೂ ಶುಂಠಿ ಹಾಕಬಾರದೆಂಬುದು ಪ್ರತಿಯೊಂದು ಕೃಷಿ ಕೈಪಿಡಿಯಲ್ಲಿಯೂ ಇರುವ ಎಚ್ಚರಿಕೆ. ಈ ಒಂದು ವಾಕ್ಯದಲ್ಲಿ ಗುತ್ತಿಗೆ ವ್ಯವಹಾರದ ಗುಟ್ಟೆಲ್ಲ ಅಡಗಿದೆ. ಹತ್ತು ಎಕರೆಯಲ್ಲಿ ಶುಂಠಿ ಬೆಳೆಯುವವನಿಗೆ ಮುಂದಿನ ವರ್ಷ ಬೇರೆ ಹತ್ತು ಎಕರೆ ಬೇಕು, ಅದರ ಮುಂದಿನ ವರ್ಷ ಮತ್ತೂ ಹತ್ತು ಎಕರೆ ಬೇಕು. ಅಷ್ಟು ಹೊಸ ಮಣ್ಣು ಯಾವ ರೈತನ ಸ್ವಂತಕ್ಕೂ ಇರುವುದಿಲ್ಲ. ಹಾಗಾಗಿ ಅವನು ಪರರ ಮಣ್ಣನ್ನು ಹುಡುಕಿಕೊಂಡು ಹೊರಡುತ್ತಾನೆ. ಅವನು ಬಿಟ್ಟುಹೋದ ನೆಲದ ರೋಗ ನೆಲದ ಒಡೆಯನ ಪಾಲಿಗೆ ಉಳಿಯುತ್ತದೆ. ಗುತ್ತಿಗೆಯ ಶುಂಠಿ ಬೆಳೆಗಾರ ಅಲೆಮಾರಿಯಾಗಿರುವುದು ಅವನ ದುರ್ಬುದ್ಧಿಯಿಂದಲ್ಲ. ಗಿಡದ ಸ್ವಭಾವ ಮತ್ತು ವ್ಯಾಪಾರದ ಗಾತ್ರ ಇವೆರಡೂ ಕೂಡಿದಾಗ ಅಲೆಯದೆ ಗತ್ಯಂತರವಿಲ್ಲ.

ಗದ್ದೆ ನೀರು ಹಿಡಿಯುವುದನ್ನು ಮರೆತಾಗ

ಇದು ಕೇರಳದವರನ್ನು ದೂರುವ ಲೇಖನವೆಂದು ಯಾರೂ ಭಾವಿಸಬಾರದು. ವಯನಾಡಿನಲ್ಲಿ ರೋಗ ಹೆಚ್ಚಿ, ಹೊಸ ನೆಲ ಸಿಗದಾದಾಗ ಅಲ್ಲಿಯ ಬೆಳೆಗಾರರು ಕೊಡಗಿಗೆ ಬಂದರು. ತೊಂಬತ್ತರ ದಶಕದಿಂದೀಚೆಗೆ ಮೈಸೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡಗಳಿಗೆ ಹಬ್ಬಿದರು. ಅವರ ಶ್ರಮವನ್ನೂ ಸಾಹಸವನ್ನೂ ಅಲ್ಲಗಳೆಯಲಾಗದು. ಈಗಂತೂ ನಮ್ಮವರೇ ಬಂಡವಾಳ ಹೂಡಿ ನಮ್ಮವರದೇ ಗದ್ದೆಗಳನ್ನು ಗುತ್ತಿಗೆ ಹಿಡಿಯುತ್ತಿದ್ದಾರೆ. ನೆರೆಯ ರಾಜ್ಯದವರನ್ನು ಬೈದರೆ ಮನಸ್ಸಿಗೆ ಸಮಾಧಾನವಾಗಬಹುದು, ಮಣ್ಣಿಗೆ ಏನೂ ಆಗದು.

ಮಲೆನಾಡಿನ ಗದ್ದೆಯೆಂದರೆ ಎರಡು ಗುಡ್ಡಗಳ ನಡುವಿನ ನೀರಿನ ಪಾತ್ರೆ. ಅಂಚು ಕಟ್ಟಿ, ಕೆಸರು ಮಾಡಿ, ತಲೆಮಾರುಗಳಿಂದ ತುಳಿದು ಸಿದ್ಧಪಡಿಸಿದ ಅದರ ತಳಪದರ ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಾವಿಗೆ, ಹಳ್ಳಕ್ಕೆ ಬಿಡುತ್ತದೆ. ಶುಂಠಿಗಾದರೋ ನಿಂತ ನೀರು ಮೃತ್ಯು. ಆದ್ದರಿಂದ ಶುಂಠಿಗೆ ಗದ್ದೆ ಕೊಟ್ಟೊಡನೆ ಮೊದಲು ನಡೆಯುವ ಕೆಲಸವೆಂದರೆ ಯಂತ್ರ ತಂದು ಅಂಚುಗಳನ್ನು ಒಡೆಯುವುದು, ಆಳವಾದ ಬಸಿಗಾಲುವೆ ತೋಡುವುದು, ಮಣ್ಣನ್ನು ಏರುಮಡಿಯಾಗಿ ಎತ್ತುವುದು. ತಳಪದರ ತೂತಾಗುತ್ತದೆ. ಶುಂಠಿ ಕಿತ್ತ ಮೇಲೆ ಮತ್ತೆ ಭತ್ತ ನೆಡುತ್ತೇನೆ ಎಂದುಕೊಂಡ ರೈತನಿಗೆ ಆ ಗದ್ದೆಯಲ್ಲಿ ನೀರು ನಿಲ್ಲಿಸುವುದೇ ಕಷ್ಟವಾಗುತ್ತದೆ. ಇದಕ್ಕೆ ಗುತ್ತಿಗೆಯ ಹಣದಲ್ಲಿ ಲೆಕ್ಕವಿಲ್ಲ. ಗದ್ದೆಯ ಕೆಳಗಿನ ಮನೆಯ ಬಾವಿಗೆ ಆಗುವ ನಷ್ಟಕ್ಕಂತೂ ಯಾವ ಪತ್ರದಲ್ಲಿಯೂ ಲೆಕ್ಕವಿಲ್ಲ.

ಇನ್ನೊಂದು ಲೆಕ್ಕ ಸೊಪ್ಪಿನದು. ಶುಂಠಿಯ ಮಡಿಗೆ ಮುಚ್ಚಿಗೆ ಬೇಕೇಬೇಕು. ನಾಟಿಯ ಸಮಯದಲ್ಲಿ ಹೆಕ್ಟೇರಿಗೆ 10ರಿಂದ 12 ಟನ್, ಆಮೇಲೆ ಎರಡು ಸಲ ತಲಾ 5 ಟನ್ ಹಸಿರೆಲೆ ಎಂಬುದು ಶಿಫಾರಸು. ಎಕರೆಗೆ ಇಳಿಸಿದರೆ ಸುಮಾರು 8 ಟನ್ನಿಗೂ ಮೇಲಾಯಿತು. ಈ ಸೊಪ್ಪು ಎಲ್ಲಿಂದ ಬರಬೇಕು? ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಎಕರೆಗೆ 9 ಎಕರೆಯಂತೆ ಸೊಪ್ಪಿನ ಬೆಟ್ಟವನ್ನು ಬಿಟ್ಟಿದ್ದವರು ಸೊಪ್ಪಿನ ಬೆಲೆಯನ್ನು ಅರಿತಿದ್ದರು. ಗುತ್ತಿಗೆಯ ಶುಂಠಿಗೆ ಯಾವ ಬೆಟ್ಟವೂ ಇಲ್ಲ. ದನಗಳ ಬಾಯಿಯ ಹುಲ್ಲು ಮಡಿಯ ಮೇಲೆ ಬೀಳುತ್ತದೆ, ಇಲ್ಲವೇ ಊರಿನ ಕಾಡು ಬೋಳಾಗುತ್ತದೆ.

ಕಾಗದವಿಲ್ಲದ ಗೇಣಿ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ನಾಡಿನುದ್ದಕ್ಕೂ ಮೊಳಗಿತು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಂದ ತಿದ್ದುಪಡಿ ಆ ಹೋರಾಟಗಳ ಫಲ. ಆ ಕಾಯಿದೆಯ 5ನೆಯ ಕಲಂ, ಸೈನಿಕರಂಥ ಕೆಲವು ವರ್ಗಗಳ ವಿನಾಯಿತಿಯನ್ನು ಬಿಟ್ಟರೆ, ಕೃಷಿಭೂಮಿಯಲ್ಲಿ ಹೊಸದಾಗಿ ಗೇಣಿ ಹುಟ್ಟಿಸುವುದನ್ನು ನಿಷೇಧಿಸುತ್ತದೆ.

ಹಾಗಾದರೆ ಇಷ್ಟೊಂದು ಗುತ್ತಿಗೆಗಳು ನಡೆಯುತ್ತಿರುವುದು ಹೇಗೆ? ಬಾಯಿಮಾತಿನಲ್ಲಿ ನಡೆಯುತ್ತವೆ, ಇಲ್ಲವೇ ನ್ಯಾಯಾಲಯದಲ್ಲಿ ನಿಲ್ಲದ ಕರಾರಿನ ಹಾಳೆಗಳಲ್ಲಿ ನಡೆಯುತ್ತವೆ. ಬೆಲೆ ಕುಸಿದ ವರ್ಷ ಗುತ್ತಿಗೆದಾರ ಶುಂಠಿಯನ್ನು ನೆಲದಲ್ಲಿಯೇ ಬಿಟ್ಟು ಹೋದರೆ, ಉಳಿಕೆ ಹಣ ಕೊಡದಿದ್ದರೆ, ಕೂಲಿಯವರ ಬಟವಾಡೆ ಬಾಕಿ ಉಳಿದರೆ, ಅಂಚನ್ನು ಮತ್ತೆ ಕಟ್ಟಿಕೊಡದಿದ್ದರೆ ರೈತ ಯಾರ ಬಳಿ ದೂರುವುದು? ಕಾನೂನು ಒಪ್ಪದ ವ್ಯವಹಾರದಲ್ಲಿ ಕಾನೂನಿನ ರಕ್ಷಣೆಯನ್ನು ಬೇಡುವಂತಿಲ್ಲ. ಹಿಂದಿನ ಗೇಣಿಯಲ್ಲಿ ಬಡವ ಉಳುತ್ತಿದ್ದ, ಧನಿಕ ಒಡೆಯನಾಗಿದ್ದ. ಇಂದಿನ ಗುತ್ತಿಗೆಯಲ್ಲಿ ಪಹಣಿ ಬಡವನ ಹೆಸರಿನಲ್ಲಿದೆ, ಬೇಸಾಯ ಬಂಡವಾಳವಂತನದು. ಒಡೆಯನೆನಿಸಿಕೊಂಡವನು ತನ್ನದೇ ಗದ್ದೆಯಲ್ಲಿ ದಿನಗೂಲಿಗೆ ಹೋಗಿ ಔಷಧಿಯ ಪಂಪು ಹೊರುವುದನ್ನು ನಾವು ನೋಡಿದ್ದೇವೆ. 2020ರಲ್ಲಿ ಇದೇ ಕಾಯಿದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಭೂಮಿಯನ್ನು ಕೊಳ್ಳುವುದು ಸುಲಭವಾಗಿದೆ. ಬಳಲಿದ ಗದ್ದೆ ಗುತ್ತಿಗೆಯಿಂದ ಮಾರಾಟಕ್ಕೆ ಜಾರಲು ಇನ್ನು ಒಂದೇ ಮೆಟ್ಟಿಲು.

‘ಹಣ ನೀವು ಕೊಡುತ್ತೀರಾ?’

ಸಭೆಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆಯಿದು, ಮತ್ತು ನ್ಯಾಯವಾದ ಪ್ರಶ್ನೆ. ಭತ್ತ ಬೆಳೆದರೆ ಖರ್ಚೂ ಹುಟ್ಟುವುದಿಲ್ಲ. ಕಾಡುಹಂದಿ, ಮಂಗ, ಕೂಲಿಯ ಕೊರತೆ ಎಲ್ಲವೂ ಸೇರಿ ಗದ್ದೆ ಬೀಳು ಬೀಳುತ್ತಿದೆ. ಮಗಳ ಮದುವೆ, ಮಗನ ಕಾಲೇಜು, ಸೊಸೈಟಿಯ ಸಾಲ ಇವೆಲ್ಲ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಮನೆಬಾಗಿಲಿಗೆ ಮುಂಗಡ ಹಣ ತಂದವನನ್ನು ಹಿಂದಕ್ಕೆ ಕಳುಹಿಸಲು ಯಾವ ಪರಿಸರವಾದಿಯ ಉಪದೇಶವೂ ಸಾಲದು. ಭತ್ತಕ್ಕೆ ನ್ಯಾಯವಾದ ಬೆಲೆ ಕೊಡದ, ಗದ್ದೆ ಹಿಡಿದಿಡುವ ನೀರಿಗೆ ಬೆಲೆಯನ್ನೇ ಕಟ್ಟದ ಸರ್ಕಾರಗಳು ಈ ಗುತ್ತಿಗೆಯ ಮೊದಲ ದಲ್ಲಾಳಿಗಳು ಎಂದರೆ ತಪ್ಪಾಗದು.

ಆದರೂ ಹಣದ ಮಾತನ್ನು ಪೂರ್ತಿಯಾಗಿ ಆಡೋಣ. 2023ರಲ್ಲಿ ಹಸಿ ಶುಂಠಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. 60 ಕಿಲೋ ಚೀಲದ ದರವೇ ಊರೂರಿನ ಮಾತಾಯಿತು. ಅದನ್ನು ನಂಬಿ ದುಬಾರಿ ಬೆಲೆಗೆ ಬಿತ್ತನೆಯ ಗಡ್ಡೆ ಕೊಂಡವರು ಮರುವರ್ಷ ದರ ಕುಸಿದಾಗ ಕೈಸುಟ್ಟುಕೊಂಡರು. ಎಕರೆಗೆ 600ರಿಂದ 700 ಕಿಲೋ ಬಿತ್ತನೆ ಬೇಡುವ ಬೆಳೆಯಿದು. ಬೆಲೆ ಏರಿದ ವರ್ಷ ಬಿತ್ತನೆಯೂ ಏರುತ್ತದೆ, ಮಾರುವ ವರ್ಷ ಇಳಿಯುತ್ತದೆ. ಏರಿದ ಲಾಭ ಗುತ್ತಿಗೆದಾರನಿಗೆ, ಇಳಿದ ನಷ್ಟದಲ್ಲಿ ಪಾಲು ಎಲ್ಲರಿಗೆ. ನೆಲದ ರೋಗ ಮಾತ್ರ ಬೆಲೆ ಏರಿದರೂ ಇಳಿದರೂ ರೈತನಿಗೇ. ಒಂದು ವರ್ಷದ ಮುಂಗಡಕ್ಕೆ ಐದಾರು ವರ್ಷಗಳ ಮಣ್ಣನ್ನು ಮಾರುವ ಈ ವ್ಯವಹಾರವನ್ನು ಆದಾಯವೆಂದು ಕರೆಯುವುದು ಹೇಗೆ?

ವಿಜ್ಞಾನ ಕಾಪಾಡುವುದೇ?

ನಾನೂ ಕೃಷಿ ವಿಜ್ಞಾನವನ್ನೇ ಓದಿದವನು. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ವರದ, ಮಹಿಮಾ, ರೆಜತಾ ಎಂಬ ಒಳ್ಳೆಯ ತಳಿಗಳನ್ನು ಆರಿಸಿ ಕೊಟ್ಟಿದೆ. ಹೆಕ್ಟೇರಿಗೆ 22 ಟನ್ನಿನ ಆಸುಪಾಸಿನ ಇಳುವರಿಯನ್ನು ಅವು ತೋರಿಸಿವೆ. ಆದರೆ ಮೇಲೆ ಹೇಳಿದ ಎರಡು ರೋಗಗಳನ್ನು ಸಂಪೂರ್ಣವಾಗಿ ತಡೆದುಕೊಳ್ಳುವ ಶುಂಠಿಯ ತಳಿ ಇಂದಿಗೂ ರೈತನ ಕೈಗೆ ಬಂದಿಲ್ಲ. 2024ರಲ್ಲಿ ಕೊಡಗಿನ ಶುಂಠಿಯಲ್ಲಿ ಪೈರಿಕುಲೇರಿಯಾ ಎಂಬ ಶಿಲೀಂಧ್ರದ ಹೊಸ ಎಲೆರೋಗವನ್ನು ಅದೇ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಭತ್ತಕ್ಕೆ ಬೆಂಕಿರೋಗ ತರುವುದೂ ಇದೇ ಕುಲದ ಶಿಲೀಂಧ್ರ. ಒಂದೇ ಬೆಳೆಯನ್ನು ದಿಗಂತದವರೆಗೆ ಹರಡಿದಲ್ಲಿ ಹೊಸ ರೋಗಕ್ಕೆ ಹಾಸಿಗೆ ಹಾಸಿದಂತೆಯೇ.

ಔಷಧಿಗಳ ಕಥೆಯೂ ಇಷ್ಟೇ. ನಮ್ಮ ರೈತರು ಥೈಮೆಟ್ ಎಂದು ಕರೆಯುತ್ತಿದ್ದ ಫೋರೇಟ್ ಹರಳನ್ನು ಎಷ್ಟೋ ಬೆಳೆಗಳಿಗೆ ಬರಿಗೈಯಲ್ಲಿ ಎರಚುತ್ತಿದ್ದ ಕಾಲವಿತ್ತು. 2018ರ ಆದೇಶದ ಪ್ರಕಾರ 2020ರ ಕೊನೆಗೆ ಅದು ನಿಷಿದ್ಧವಾಯಿತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿಗೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಬೆಲೆ ತೆತ್ತಾಗಿತ್ತು. ನಿಷೇಧ ಬರುವವರೆಗೆ ಪ್ರತಿಯೊಂದು ವಿಷವೂ ‘ಸುರಕ್ಷಿತ’ವೇ ಆಗಿರುತ್ತದೆ. ಮಳೆಗಾಲದಲ್ಲಿ ಮಡಿಗೆ ಹೊಯ್ದ ಔಷಧಿ ಹೋಗುವುದು ಬಸಿಗಾಲುವೆಗೆ, ಬಸಿಗಾಲುವೆ ಹೋಗುವುದು ಹಳ್ಳಕ್ಕೆ, ಮತ್ತು ಮಲೆನಾಡಿನ ಹಳ್ಳ ಯಾರದೋ ಕುಡಿಯುವ ನೀರು.

ದೂರದ ಹವಾಯಿ ದ್ವೀಪಗಳ ಉದಾಹರಣೆಯನ್ನೂ ನೋಡಬಹುದು. ನಮ್ಮ ಘಟ್ಟದಂತೆಯೇ ಮಳೆ ಸುರಿಯುವ ಆ ನೆಲದ ಶುಂಠಿ ಬೇಸಾಯವನ್ನು ದುಂಡಾಣು ಸೊರಗು ರೋಗ ಕಂಗೆಡಿಸಿತು. ಅಲ್ಲಿಯ ವಿಶ್ವವಿದ್ಯಾನಿಲಯ ಕೊನೆಗೆ ಕಂಡುಕೊಂಡ ಉಪಾಯಗಳಲ್ಲಿ ಒಂದು ಯಾವುದು ಗೊತ್ತೇ? ಬಿತ್ತನೆಯ ಶುಂಠಿಯನ್ನು ನೆಲದಲ್ಲಿ ಬೆಳೆಯದೆ, ರೋಗವಿಲ್ಲದ ಮಾಧ್ಯಮವನ್ನು ತುಂಬಿದ ಕುಂಡಗಳಲ್ಲಿಯೂ ಚೀಲಗಳಲ್ಲಿಯೂ ಬೆಳೆಸುವುದು. ಅಂದರೆ ಆಧುನಿಕ ವಿಜ್ಞಾನವೂ ಸುತ್ತಿ ಬಳಸಿ ಬಂದು ನಿಂತದ್ದು ಚಿಕ್ಕ ಗಾತ್ರ, ಶುದ್ಧ ಬಿತ್ತನೆ, ಕಣ್ಣಳತೆಯ ಆರೈಕೆಗಳ ಬಳಿಗೆ. ನಮ್ಮ ಅಜ್ಜಿಯಂದಿರ ಹಿತ್ತಲು ಇದ್ದದ್ದೂ ಅಲ್ಲಿಯೇ.

ಹಿತ್ತಲ ಗಿಡ ಮದ್ದೇ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ನಮ್ಮ ಉದಾಸೀನವನ್ನು ಹಂಗಿಸುವುದಕ್ಕಾಗಿ. ಶುಂಠಿಯಿಲ್ಲದ ಕಷಾಯವಿಲ್ಲ ಎಂದು ಅದೇ ನಾಲಗೆಯಲ್ಲಿ ಹೇಳುತ್ತೇವೆ, ಮತ್ತು ಆ ಶುಂಠಿಯನ್ನು ಸಂತೆಯಿಂದ ತರುತ್ತೇವೆ. ಮೂರು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಶುಂಠಿಯನ್ನು ದುಡ್ಡು ಕೊಟ್ಟು ತರುವುದು ನಾಚಿಕೆಯ ಸಂಗತಿ.

ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ಎರಡು ಮಡಿಗಳು ಒಂದು ಸಂಸಾರಕ್ಕೆ ಸಾಕು. ಹೆಚ್ಚು ಮಳೆಯ ಕಡೆ ಮಡಿಯನ್ನು ಒಂದಡಿ ಎತ್ತರಿಸಬೇಕು. ಮಡಿಗಳ ನಡುವೆ ಒಂದೂವರೆ ಅಡಿಯ ಕಾಲುವೆ ಇರಬೇಕು. ಒಂದು ಮಡಿಯ ನೀರು ಇನ್ನೊಂದನ್ನು ಹೊಕ್ಕು ಹೋಗದಂತೆ ನೋಡಿಕೊಳ್ಳಬೇಕು. ಭರಣಿ, ಕೃತ್ತಿಕೆಯ ಮಳೆ ಬಿದ್ದು ನೆಲ ಹದವಾದಾಗ ನಾಟಿಗೆ ಕಾಲ. 20ರಿಂದ 25 ಗ್ರಾಂ ತೂಕದ, ಒಂದು ಒಳ್ಳೆಯ ಮೊಳಕೆ ಕಣ್ಣಿರುವ ತುಂಡನ್ನು ಕಣ್ಣು ಮೇಲಾಗುವಂತೆ ಎರಡು ಅಂಗುಲ ಆಳದಲ್ಲಿ, ಮುಕ್ಕಾಲು ಅಡಿಯಿಂದ ಒಂದಡಿ ಅಂತರದಲ್ಲಿ ಇಡಬೇಕು. ಮೂರು ಮೀಟರಿನ ಮಡಿಗೆ ನಲವತ್ತು ತುಂಡು, ಅಂದರೆ ಸುಮಾರು ಒಂದು ಕಿಲೋ ಬಿತ್ತನೆ ಸಾಕು. ಕೊಟ್ಟಿಗೆಯ ಹಳೆಗೊಬ್ಬರದೊಡನೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಬೆರೆಸಿ ಕುಳಿಗೆ ಹಾಕಿದರೆ ಕೊಳೆಯ ಕಾಟ ತಗ್ಗುತ್ತದೆ. ನಾಟಿಯಾದ ಕೂಡಲೆ ಒಮ್ಮೆ, ಒಂದೂವರೆ ತಿಂಗಳಿಗೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ದರಗನ್ನೋ ಗೊಬ್ಬರದ ಗಿಡದ ಸೊಪ್ಪನ್ನೋ ದಪ್ಪನಾಗಿ ಹೊದಿಸಬೇಕು. ಎರಡು ಮಡಿಗೆ ಬೇಕಾದ ಸೊಪ್ಪು ಬೇಲಿಯಲ್ಲಿಯೇ ಸಿಗುತ್ತದೆ. ಬೆಟ್ಟಕ್ಕೆ ಕತ್ತಿ ಒಯ್ಯಬೇಕಾಗಿಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಹಿತ್ತಲನ್ನು ನಾಲ್ಕು ಭಾಗ ಮಾಡಿ, ಶುಂಠಿಯನ್ನು ವರ್ಷಕ್ಕೊಂದು ಭಾಗಕ್ಕೆ ಸರಿಸುತ್ತ ಹೋಗಿ. ಶುಂಠಿ ಹೋದ ಜಾಗದಲ್ಲಿ ಮೆಣಸಿನಕಾಯಿ, ಬದನೆ, ಟೊಮೆಟೊ ಬೇಡ. ಜೋಳ, ರಾಗಿ, ಅಲಸಂದೆ, ಗೆಣಸು ಬರಲಿ. ಗುತ್ತಿಗೆದಾರ ಜಿಲ್ಲೆಯಿಂದ ಜಿಲ್ಲೆಗೆ ಅಲೆದು ಮಾಡುವುದನ್ನು ನೀವು ನಿಮ್ಮ ಬೇಲಿಯೊಳಗೇ ಮಾಡುತ್ತೀರಿ. ಒಂದು ಬುಡ ಸೊರಗಿದರೆ ಮಣ್ಣುಸಹಿತ ಕಿತ್ತು ದೂರ ಒಯ್ದು ಸುಡಬಹುದು. ಹತ್ತು ಎಕರೆಯವನು ಅದನ್ನು ನೋಡುವ ಹೊತ್ತಿಗೆ ಅರ್ಧ ಎಕರೆ ಹೋಗಿರುತ್ತದೆ. ರೋಗ ಒಮ್ಮೆ ಹೊಕ್ಕ ಹಿತ್ತಲಾದರೆ ಹಳೆಯ ಗೋಣಿಚೀಲಕ್ಕೆ ಹೊಸಮಣ್ಣು, ಗೊಬ್ಬರ, ಮರಳು ತುಂಬಿ ಬೆಳೆಯಿರಿ. ಒಂದು ಚೀಲದ ರೋಗ ಇನ್ನೊಂದಕ್ಕೆ ದಾಟುವುದು ಕಷ್ಟ.

ಬಿತ್ತನೆಯನ್ನು ಹೊರಗಿನಿಂದ ಕೊಳ್ಳುವ ಚಾಳಿಯನ್ನು ಒಂದೇ ವರ್ಷದಲ್ಲಿ ನಿಲ್ಲಿಸಬಹುದು. ಆರೋಗ್ಯವಾದ ಬುಡಗಳನ್ನು ಮಳೆಗಾಲದಲ್ಲಿಯೇ ಗುರುತು ಮಾಡಿಟ್ಟು, ಎಂಟು ತಿಂಗಳಿಗೆ ಪೂರ್ಣ ಬಲಿತ ಮೇಲೆ ಕಿತ್ತು, ನೆರಳಿನ ಗುಂಡಿಯಲ್ಲಿ ಮರಳು, ಒಣಎಲೆಗಳ ನಡುವೆ ಇಟ್ಟು, ತಿಂಗಳಿಗೊಮ್ಮೆ ತೆರೆದು ಕೊಳೆತದ್ದನ್ನು ಆರಿಸಿ ತೆಗೆಯಬೇಕು. ಬಿತ್ತನೆ ಕಡಿಮೆಯಿದ್ದರೆ ಒಂದೇ ಕಣ್ಣಿರುವ 5 ಗ್ರಾಂ ತುಂಡನ್ನು ಟ್ರೇಯಲ್ಲಿ ಮೊಳೆಸಿ ಒಂದು ತಿಂಗಳ ಸಸಿಯನ್ನು ನೆಡುವ ಪದ್ಧತಿಯೂ ಇದೆ. ಒಳ್ಳೆಯ ತಳಿಗಳ ಇಳುವರಿಯ ಲೆಕ್ಕದಲ್ಲಿ ಒಂದು ಮಡಿಗೆ 6 ಕಿಲೋ ಹಸಿ ಶುಂಠಿ. ಎರಡು ಮಡಿಗೆ 12 ಕಿಲೋ. ಬಿತ್ತನೆಗೆ ಎರಡೂವರೆ ಕಿಲೋ ತೆಗೆದಿಟ್ಟರೂ ವರ್ಷದ ತಂಬುಳಿ, ಚಟ್ನಿ, ಕಷಾಯ, ಬಾಣಂತಿಯ ಒಣಶುಂಠಿ ಎಲ್ಲಕ್ಕೂ ಸಾಕಾಗಿ ನೆರೆಮನೆಗೆ ಕೊಡಲೂ ಮಿಗುತ್ತದೆ.

ಶುಂಠಿಯೊಂದೇ ಏಕೆ? ಅದರ ಬಂಧುಬಳಗವೆಲ್ಲ ಮಳೆನಾಡಿನ ಹಿತ್ತಲಿನವರೇ. ಅರಿಸಿನವಿದ್ದರೆ ಎಲೆ ಕಡುಬಿಗೆ, ಗಡ್ಡೆ ಅಡುಗೆಗೆ ಮತ್ತು ಗಾಯಕ್ಕೆ. ಕೂವೆಯಿದ್ದರೆ ಜ್ವರದವನಿಗೂ ಮಗುವಿಗೂ ಹಗುರವಾದ ಗಂಜಿ. ನೆರಳಿನಲ್ಲಿ ನಾಲ್ಕು ಬುಡ ಏಲಕ್ಕಿಯಿದ್ದರೆ ಹಬ್ಬದ ಪಾಯಸಕ್ಕೆ ಸಾಕು. ಕಟ್ಟೆ ರೋಗವಿಲ್ಲದ ಹಿಂಡಿನಿಂದ ಮಾತ್ರ ಗಡ್ಡೆ ತರಬೇಕು. ಇನ್ನು ಮಾವಿನಕಾಯಿಯ ಪರಿಮಳದ ಮಾವಿನ ಶುಂಠಿ. ಉಪ್ಪಿನಕಾಯಿಗೂ ಚಟ್ನಿಗೂ ಅದಕ್ಕೆ ಸಾಟಿಯಿಲ್ಲ. ಶುಂಠಿಯನ್ನು ಕೊಲ್ಲುವ ದುಂಡಾಣು ಸೊರಗು ರೋಗವನ್ನು ಈ ಮಾವಿನ ಶುಂಠಿ ತಡೆದುಕೊಳ್ಳುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಗುತ್ತಿಗೆಯ ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಈ ಗಿಡ ಎಷ್ಟು ಹಿತ್ತಲುಗಳಲ್ಲಿ ಉಳಿದಿದೆ? ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಮನೆಮನೆಗೆ ಹೋಗಿ ಎಣಿಸಿ ಬರೆದಿಡಬೇಕಾದ ಲೆಕ್ಕವಿದು.

ಬಿಳಿಗೆರೆಗೆ ಉತ್ತರ

ಈಗ ತೆಂಗಿನ ನಾಡಿನ ಮಾತಿಗೆ ಬರೋಣ. ತೆಂಗಿನ ನೆರಳು ಶುಂಠಿಗೆ ಒಗ್ಗುತ್ತದೆ ಎಂಬುದು ನಿಜ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಶುಂಠಿ, ಅರಿಸಿನಗಳನ್ನು ತೆಂಗಿನ ಅಂತರಬೆಳೆಗಳೆಂದು ಶಿಫಾರಸು ಮಾಡಿದೆ. ಗುತ್ತಿಗೆ ಕೇಳಲು ಬಂದವರು ಇದನ್ನು ನಿಮಗೆ ಹೇಳಿಯೇ ಹೇಳುತ್ತಾರೆ. ಅವರು ಹೇಳದೆ ಬಿಡುವುದು ನೀರಿನ ಲೆಕ್ಕವನ್ನು.

ಮಳೆಯಾಶ್ರಯದ ಶುಂಠಿಗೆ ಕನಿಷ್ಠ 1500 ಮಿಲಿಮೀಟರ್ ಮಳೆ ಬೇಕೆನ್ನುತ್ತಾರೆ. ತಿಪಟೂರು ಸೀಮೆಯಲ್ಲಿ ಒಳ್ಳೆಯ ವರ್ಷದಲ್ಲಿಯೂ ಬೀಳುವುದು 700ರ ಆಸುಪಾಸು. ಉಳಿದ 800 ಮಿಲಿಮೀಟರನ್ನು ಕೊಳವೆಬಾವಿ ಕೊಡಬೇಕು. ಒಂದು ಎಕರೆಗೆ ಅದು ಸುಮಾರು 32 ಲಕ್ಷ ಲೀಟರ್, ಅಂದರೆ 5 ಸಾವಿರ ಲೀಟರಿನ 640 ಟ್ಯಾಂಕರ್ ನೀರು. ಎಂಟು ತಿಂಗಳ ಒಂದು ಬೆಳೆಗೆ ಇಷ್ಟು ನೀರೆತ್ತಿದ ಮೇಲೆ ಬೇಸಿಗೆಯಲ್ಲಿ ತೆಂಗಿಗೆ ಏನು ಉಳಿಯುತ್ತದೆ? ನೀರಿನ ಬಳಲಿಕೆಯಾದ ಮರವನ್ನೇ ಅಣಬೆ ರೋಗ ಹುಡುಕಿಕೊಂಡು ಬರುತ್ತದೆಂಬುದು ನಿಮ್ಮ ಸೀಮೆಯ ಬೆಳೆಗಾರರಿಗೆ ನಾನು ಹೇಳಬೇಕಾದದ್ದಲ್ಲ. ಮಡಿ ಎತ್ತಲು ಯಂತ್ರ ಇಳಿಸಿದರೆ ಕಡಿದುಹೋಗುವುದೂ ತೆಂಗಿನ ಬೇರುಗಳೇ. ಅರವತ್ತು ವರ್ಷ ಫಲ ಕೊಡುವ ಮರವನ್ನು ಎಂಟು ತಿಂಗಳ ಗಡ್ಡೆಗೆ ಪಣವಿಡುವುದು ಯಾವ ಜಾಣತನ? ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿಸಿ ಉಂಡೆ ಕೊಬ್ಬರಿ ಮಾಡುವ ತಾಳ್ಮೆಯ ನಾಡು ನಿಮ್ಮದು. ಆ ತಾಳ್ಮೆಯನ್ನು ಮುಂಗಡದ ಕಂತೆಗೆ ಬಿಟ್ಟುಕೊಡಬೇಡಿ.

ಅದೇ ಲೆಕ್ಕವನ್ನು ಹಿತ್ತಲಿಗೆ ಹಾಕಿ ನೋಡಿ. ಮೂರು ಚದರ ಮೀಟರಿನ ಒಂದು ಮಡಿಗೆ ಕೊರತೆಯಾಗುವ ನೀರು 2400 ಲೀಟರ್. ಎಂಟು ತಿಂಗಳಿಗೆ ಹಂಚಿದರೆ ದಿನಕ್ಕೆ 10 ಲೀಟರ್. ಅಕ್ಕಿ, ತರಕಾರಿ ತೊಳೆದ, ಸೋಪು ಸೇರದ ಪಾತ್ರೆಯ ನೀರು ಅಷ್ಟಿರುತ್ತದೆ. ಬಚ್ಚಲ ಹಿಂದಿನ ತೆಂಗಿನ ನೆರಳಿನಲ್ಲಿ, ಬುಡದಿಂದ ಆರೇಳು ಅಡಿ ದೂರ ಬಿಟ್ಟು, ಗರಿ ಮತ್ತು ಸೋಗೆ ಹೊದಿಸಿ ಎರಡು ಮಡಿ ಶುಂಠಿ, ಒಂದು ಮಡಿ ಅರಿಸಿನ, ಒಂದು ಮಡಿ ಮಾವಿನ ಶುಂಠಿ ಮಾಡಿಕೊಳ್ಳಿ. ಘಟ್ಟದ ಮಳೆ ನಿಮಗೆ ಇಲ್ಲದಿರಬಹುದು, ಹಿತ್ತಲಿದೆ. ರೋಗವಿಲ್ಲದ ಬಿತ್ತನೆ ಬೇಕಾದರೆ ಕಳುಹಿಸಿಕೊಡಲು ನಮ್ಮ ಬಳಗದ ಮನೆಗಳು ಸಿದ್ಧವಾಗಿವೆ. ಮಾರಾಟಕ್ಕಲ್ಲ, ಮರುವರ್ಷ ಅಷ್ಟೇ ಗಡ್ಡೆಯನ್ನು ಇನ್ನೊಂದು ಮನೆಗೆ ಕೊಡುವ ಮಾತಿನ ಮೇಲೆ.

ನಮ್ಮ ಘಟ್ಟದ ಹಳ್ಳಿಗಳಿಗೂ ಒಂದು ಬಿನ್ನಹ. ಈ ಬೇಸಿಗೆಯಲ್ಲಿ ಗುತ್ತಿಗೆ ಕೇಳಲು ಬರುವವರು ನಿಮ್ಮ ಮನೆಗೂ ಬರುತ್ತಾರೆ. ಹೂಂ ಎನ್ನುವ ಮುನ್ನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ: ಅಂಚನ್ನು ಮತ್ತೆ ಕಟ್ಟುವವರು ಯಾರು? ಬಸಿಗಾಲುವೆಯ ನೀರು ಯಾರ ಬಾವಿಗೆ ಹೋಗುತ್ತದೆ? ಎಂಟು ಟನ್ ಸೊಪ್ಪು ಯಾವ ಕಾಡಿನಿಂದ ಬರುತ್ತದೆ? ಈ ಮೂರಕ್ಕೂ ಬರಹದಲ್ಲಿ ಉತ್ತರ ಸಿಗುವವರೆಗೆ ಗದ್ದೆಗೆ ಯಂತ್ರ ಇಳಿಯದಂತೆ ನೋಡಿಕೊಳ್ಳುವುದು ಊರಿನವರ ಕೈಯಲ್ಲಿದೆ.